ಮೂರನೇ ಕೂಗಿನ ತನಕ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಮುಂದೆ ‘ಬಿನ್’ ಅಂತ ಹಾಕಿ ಅವರಪ್ಪನ ಹೆಸರನ್ನೂ ಬರೆಯಬೇಕು. ವಯಸ್ಸು, ಕಸುಬು, ವಾಸ ಎಲ್ಲ ಬರೆಯಬೇಕು. ಅಷ್ಟಿಲ್ಲದೆ ಬರೀ ಹೆಸರು ಬರೆದು ಬಿಟ್ಟರೆ ಅವರು ಎದ್ದು ಬಂದಾರು. ಕೋರ್ಟಿನ ಕಾಗದದಲ್ಲಿ ಇಂಥವರ ಮಗ ಅನ್ನುವುದಕ್ಕೆ ಬಿನ್ ಅಂತಾರೆ. ಬಿನ್ ಇಲ್ಲದ ಹೆಸರು ಕೇಳಿದರೆ ಅವರಿಗೆ, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮದುವೆಗೆ ಬಂದವನನ್ನು ಕಂಡ ಹಾಗಾಗುತ್ತಿತ್ತು.

ಹೊನ್ನಾಳಿ ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸ ಅವರದು. ನಾನು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುವವನು. ಹಾಗಂತ ಅಂಗಡಿ ಮಾಲೀಕರು ತಿಳಿದುಕೊಂಡಿದ್ದಾರೆ. ಊರವರ ಲೆಕ್ಕದಲ್ಲಿ ನಾನು ‘ಟೇಪು’. ಯಾರ ದನಿ ಕೇಳಿದರೂ ಹತ್ತು ನಿಮಿಷದಲ್ಲಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ವಕೀಲರು, ಕಂಡಕ್ಟರು, ಗ್ಯಾಸ್ ಸಿಲಿಂಡರ್ ಗಾಡಿಯ ರೆಕಾರ್ಡಿಂಗು, ನಮ್ಮ ಮಾಲೀಕರ ಹೆಂಡತಿ ಫೋನಿನಲ್ಲಿ ಅಳುವುದು, ಎಲ್ಲವೂ. ನನ್ನ ಸ್ವಂತ ದನಿ ಯಾವುದು ಅಂತ ನಮ್ಮವ್ವನಿಗೇ ಅನುಮಾನ. ಬಾಗಿಲಾಚೆಯಿಂದ ‘ಅವ್ವಾ’ ಅಂದರೆ ‘ಯಾರದು?’ ಅಂತಾಳೆ.

ಮಧ್ಯಾಹ್ನ ಮೂರು ಗಂಟೆಗೆ ಹೊನ್ನಾಳಿಯಲ್ಲಿ ಗಾಳಿಯೂ ಉಂಡು ಮಲಗಿರುತ್ತದೆ. ಬೇವಿನ ಮರದ ಕೆಳಗೆ ಸ್ಕೂಟರುಗಳು, ಸ್ಕೂಟರುಗಳ ಮೇಲೆ ಕಕ್ಷಿದಾರರು, ಕಕ್ಷಿದಾರರ ಮೇಲೆ ನೊಣ. ನಾನು ಅರೆಗಣ್ಣು ಮುಚ್ಚಿ ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತಿರುತ್ತಿದ್ದೆ. ಆಗ ಅವರು ಬಾಗಿಲಿಗೆ ಬರುತ್ತಿದ್ದರು. ಹೆಗಲ ಕೆಂಪು ಪಟ್ಟಿ ಸರಿಮಾಡಿಕೊಂಡು, ಎಡಗೈ ಬೆರಳಿಂದ ಕಿವಿಯ ಹಿಂದೆ ಒಮ್ಮೆ ಒತ್ತಿ, ಬಾಯಿ ತೆರೆಯುತ್ತಿದ್ದರು. ಹನುಮಂತಪ್ಪಾ ಬಿನ್ ಲೇಟ್ ಕೆಂಚಪ್ಪಾ, ಹಾಜರಿದ್ದಾರಾ... ಆ ಹೆಸರು ಮೆಟ್ಟಿಲಿಳಿದು, ಬೇವಿನ ಮರ ದಾಟಿ, ರಸ್ತೆ ದಾಟಿ, ನನ್ನ ಅಂಗಡಿಯೊಳಗೆ ಹಾದು ಹಿಂದಿನ ಕಿಟಕಿಯಿಂದ ಹೊಳೆ ಕಡೆ ಹೋಗುವುದು ನನಗೆ ಕಾಣುತ್ತಿತ್ತು. ನಿದ್ದೆಗಣ್ಣಿಗೆ ಏನೇನೋ ಕಾಣುತ್ತದೆ, ಬಿಡಿ. ಆದರೆ ತುಂಗಭದ್ರೆಯ ಆಚೆ ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ ತಲೆಯೆತ್ತಿ ನೋಡಿದ್ದನ್ನು ನಾನು ಇನ್ನೊಂದು ಮಧ್ಯಾಹ್ನ ಸೇತುವೆ ಮೇಲೆ ನಿಂತು ನೋಡಿದ್ದೇನೆ.

ಮೂರು ಸಲ ಕೂಗುತ್ತಿದ್ದರು. ಮೂರೂ ಬೇರೆ ಬೇರೆ. ಮೊದಲನೆಯದು ಮಲಗಿದ ಕೂಸನ್ನು ಎಬ್ಬಿಸುವ ಹಾಗೆ. ಎರಡನೆಯದು ಟೀ ಅಂಗಡಿಯಲ್ಲಿ ಕೂತು ಮರೆತವನಿಗೆ. ಮೂರನೆಯದಕ್ಕೆ ಮುಂಚೆ ಒಂದು ಉಸಿರು ಬಿಡುತ್ತಿದ್ದರು. ಒಳಗೆ ಸಾಹೇಬರು ಕಾಯುತ್ತಿರಲಿ, ವಕೀಲರು ಗಡಿಯಾರ ನೋಡಲಿ, ಆ ಒಂದು ಉಸಿರಿನಷ್ಟು ಹೊತ್ತನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

‘ಅಷ್ಟೊತ್ತು ಯಾಕೆ ರೀ?’ ಅಂತ ಕೇಳಿದ್ದೆ.

‘ಓಡಿ ಬರ್ತಿರ್ತಾನಪ್ಪಾ ಪಾಪ. ಮೆಟ್ಟಿಲು ಹತ್ತಾಕೆ ಹೊತ್ತು ಬೇಕಲ್ಲ.’

ವಕೀಲರೊಬ್ಬರು ಕೆಲಸ ಬಿಟ್ಟು ಊರಿಗೆ ಹೋಗುವಾಗ ಸಂಘದ ಕೋಣೆಯಲ್ಲಿ ಒಂದು ಕಾರ್ಯಕ್ರಮ ಆಯಿತು. ನನ್ನನ್ನು ಮಿಮಿಕ್ರಿಗೆ ಕರೆದರು. ನಾನು ಎಲ್ಲರನ್ನೂ ಮಾಡಿ ಕೊನೆಗೆ ಇವರನ್ನು ಮಾಡಿದೆ. ಕಿವಿಯ ಹಿಂದೆ ಬೆರಳು, ಪಟ್ಟಿ ಸರಿಮಾಡುವುದು, ದನಿಯ ಬಾಲ ಮೇಲಕ್ಕೆ ಹೋಗುವುದು, ಎಲ್ಲ. ಜನ ಬಿದ್ದು ಬಿದ್ದು ನಕ್ಕರು. ಇವರು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಮುಗಿದ ಮೇಲೆ ಬಂದು, ‘ಚಲೋ ಮಾಡಿದೆ. ಆದ್ರೆ ಎರಡೇ ಸಲ ಕೂಗಿದೆ’ ಅಂದರು. ನಗಲಿಲ್ಲ. ಸಿಟ್ಟೂ ಇರಲಿಲ್ಲ. ಟೈಪಿನಲ್ಲಿ ಒತ್ತಕ್ಷರ ಬಿಟ್ಟು ಹೋಗಿದ್ದನ್ನು ತೋರಿಸಿದ ಹಾಗೆ.

ಇನ್ನೊಂದು ಸಲ ಆಸ್ತಿ ಭಾಗದ ದಾವೆಯೊಂದು ಬಂತು. ನನಗಿಂತ ಹಳೇ ದಾವೆ. ಅದರಲ್ಲಿದ್ದ ಒಬ್ಬ ಮುದುಕ ಸಾಸ್ವೆಹಳ್ಳಿಯವನು; ಸತ್ತ ಸುದ್ದಿ ಅರ್ಧ ಹೊನ್ನಾಳಿಗೆ ಗೊತ್ತಿತ್ತು, ಮಣ್ಣಿಗೆ ಇವರೇ ಹೋಗಿ ಬಂದಿದ್ದರು. ಆದರೂ ಬಾಗಿಲಿಗೆ ಬಂದು ಮೂರು ಸಲ ಕೂಗಿದರು. ಮೂರನೆಯದಕ್ಕೆ ಮುಂಚೆ ಅದೇ ಉಸಿರು. ಒಂದು ಕ್ಷಣ, ಬೇವಿನ ಮರದ ಹಿಂದಿನಿಂದ ಮುದುಕ ಟವೆಲ್ಲು ಒದರಿಕೊಂಡು ಬಂದೇ ಬಿಡುತ್ತಾನೆ ಅನ್ನಿಸಿತು.

‘ಸತ್ತಿದಾನೆ ಅಂತ ಗೊತ್ತಿದ್ದೂ ಕೂಗ್ತೀರಲ್ರೀ.’

‘ಗೊತ್ತಿರೋದು ನನಗೆ. ಕೋರ್ಟಿಗೆ ಇನ್ನೂ ಗೊತ್ತಿಲ್ಲ.’

ಆವತ್ತು ಇದನ್ನೂ ಮಿಮಿಕ್ರಿಗೆ ಸೇರಿಸಿಕೊಂಡೆ, ಅಷ್ಟೇ. ಮಾತಿನೊಳಗೆ ಇಳಿದು ನೋಡುವ ಅಭ್ಯಾಸ ನನಗಿಲ್ಲ. ನನ್ನದೆಲ್ಲ ಮೇಲಿನ ಸಿಪ್ಪೆಯ ಕೆಲಸ.

ಅವರದೂ ನಮ್ಮೂರೇ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿದೆ. ಹೆಸರು ಬೇಡ, ಊರಿನವರು ಈಗಾಗಲೇ ನನ್ನ ಮೇಲೆ ಸಾಕಷ್ಟು ಸಿಟ್ಟಾಗಿದ್ದಾರೆ. ದಿನಾ ನನ್ನ ಬೈಕಿನ ಹಿಂದೆ ಕೂತು ಬರುತ್ತಿದ್ದರು. ಎರಡೂ ಕಾಲು ಒಂದೇ ಕಡೆ ಹಾಕಿ, ಟಿಫಿನ್ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಮದುವಣಗಿತ್ತಿ ಹಾಗೆ. ಅವರ ಮನೆಯ ಗೋಡೆಗೆ ಬುದ್ಧನ ಪಟ, ಅದರ ಪಕ್ಕ ನೀಲಿ ಕೋಟಿನ ಪಟ, ಎರಡರ ನಡುವೆ ಮೊಳೆಗೆ ಕೆಂಪು ಪಟ್ಟಿ. ಅಷ್ಟು ಜನರ ಹೆಸರು ಕೂಗುವ ಈ ಮನುಷ್ಯ ಮನೆಯಲ್ಲಿ ಹೆಂಡತಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಆ ಅಮ್ಮ ಚಹಾ ಕೊಡುತ್ತಾ, ‘ನನ್ನ ಮೇಲೆ ಒಂದು ಕೇಸಾದ್ರೂ ಹಾಕ್ರಿ, ಆಗಾದ್ರೂ ಕೂಗ್ತಾರೇನೋ ನೋಡಾನ’ ಅನ್ನುತ್ತಿದ್ದರು. ಇವರು ನೆಲ ನೋಡಿ ನಗುತ್ತಿದ್ದರು.

ಅವರಪ್ಪ ನಮ್ಮೂರಲ್ಲಿ ಡಂಗುರ ಸಾರುತ್ತಿದ್ದವರು. ಒಂದು ಸಂಜೆ ಚಾನಲ್ ದಂಡೆ ಮೇಲೆ ಬೈಕಿನ ಪೆಟ್ರೋಲು ಮುಗಿದು ತಳ್ಳಿಕೊಂಡು ಬರುವಾಗ ಇದನ್ನು ಹೇಳಿದರು. ಯಾರದೋ ಹಿತ್ತಾಳೆ ಹಂಡೆ ಕಾಣೆಯಾಯಿತಂತೆ. ಅಪ್ಪನನ್ನು ತಂದು ಕಟ್ಟೆ ಮುಂದಿನ ಕಲ್ಲುಕಂಬಕ್ಕೆ ಕಟ್ಟಿದರಂತೆ. ಹಂಡೆ ಮಾರನೇ ದಿನ ಹಂಡೆ ಕಳಕೊಂಡವರ ಹುಲ್ಲಿನ ಬಣವೆಯಲ್ಲೇ ಸಿಕ್ಕಿತು. ಬಿಚ್ಚಿ ಕಳಿಸಿದರು.

‘ಯಾರೂ ಏನೂ ಕೇಳ್ಲಿಲ್ಲ ನಮ್ಮಪ್ಪನ್ನ. ಇಡೀ ದಿನ ಲೇ ಅಂದ್ರು, ಬೋ ಅಂದ್ರು. ಹೆಸರಿಲ್ಲ. ನಾನು ಮೊದಲನೇ ದಿನ ಕೋರ್ಟಿನಾಗೆ ಕೆಲಸಕ್ಕೆ ನಿಂತಾಗ ಒಬ್ಬ ಕೋಳಿ ಕಳ್ಳನ್ನ ಕರಿಯಾಕೆ ಹೇಳಿದ್ರು. ಚೀಟಿ ನೋಡ್ತೀನಿ, ಅವನ ಹೆಸರು ಐತೆ, ಬಿನ್ ಅಂತ ಅವರಪ್ಪನ ಹೆಸರೂ ಐತೆ. ಕೋಳಿ ಕಳ್ಳನಿಗೆ. ಹಿಂಗೂ ಒಂದು ಜಾಗ ಐತಾ ಲೋಕದಾಗೆ ಅನ್ನಿಸ್ತು.’

ಚಾನಲ್ಲಿನ ನೀರು ಆಗ ಕತ್ತಲಾಗುವ ಮುಂಚಿನ ಬಣ್ಣಕ್ಕೆ ಬಂದಿತ್ತು. ಏನಾದರೂ ತಮಾಷೆ ಹೇಳಬೇಕು ಅಂತ ನಾಲಿಗೆ ತುರಿಸಿತು. ಬೈಕು ತಳ್ಳಿದೆ.

ಈಗ ನನ್ನ ಸಾಧನೆಗೆ ಬರುತ್ತೇನೆ.

ನಮ್ಮಕ್ಕ ಚನ್ನಗಿರಿಯಲ್ಲಿದ್ದಾಳೆ. ಅವಳ ಮಗಳು ಹಾಲು ಕುಡಿಯುವುದಿಲ್ಲ, ಲೋಟ ಕಂಡರೆ ಮಂಚದ ಕೆಳಗೆ ಹೋಗುತ್ತಾಳೆ. ‘ಏನಾದ್ರೂ ಹೆದರಿಸೋ ಮಾರಾಯ’ ಅಂದಳು ಅಕ್ಕ. ನಾನು ಒಂದು ಗಂಟಲು ತಯಾರು ಮಾಡಿದೆ. ಯಾವ ಅಧಿಕಾರಿಯದೂ ಅಲ್ಲ. ಟೀವಿಯಲ್ಲಿ, ಮೈಕಿನಲ್ಲಿ ಕೇಳಿದ ಅಷ್ಟೂ ಅಧಿಕಾರಿಗಳನ್ನು ಒಂದೇ ಕೊಡಪಾನಕ್ಕೆ ಸುರಿದು ಕಲೆಸಿದ್ದು. ‘ಸಾರ್ವಜನಿಕರಲ್ಲಿ ವಿನಂತಿ. ಮಕ್ಕಳ ಕಳ್ಳರು ಜಗಳೂರು ಕಡೆಯಿಂದ ಹೊರಟು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗಕ್ಕೆ ಬಂದಿರುವ ಮಾಹಿತಿ ಐತೆ. ಅಪರಿಚಿತರು ಮಗುವಿನ ಜೊತೆ ಕಂಡರೆ ಬಿಡಬೇಡಿ. ಹಾಲು ಕುಡಿಯದ ಮಕ್ಕಳನ್ನು ಮೊದಲು ಹಿಡಿಯುತ್ತಾರೆ.’ ಕೊನೆಗೆ ಒಂದು ಗಂಭೀರ ಕೆಮ್ಮು. ಆ ಕೆಮ್ಮಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಫೋನಿನಲ್ಲಿ ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಿದೆ. ಕೂಸು ಹಾಲು ಕುಡಿಯಿತು. ಅಕ್ಕ ಖುಷಿಯಾಗಿ ತನ್ನ ಗೆಳತಿಯರಿಗೆ ಕಳಿಸಿದಳು. ಅವರಿಗೂ ಹಾಲು ಕುಡಿಯದ ಮಕ್ಕಳಿದ್ದರು. ನಡುವೆ ಯಾವ ಪುಣ್ಯಾತ್ಮನೋ ಹಾಲಿನ ಸಾಲನ್ನು ಕತ್ತರಿಸಿದ. ಎಂಟು ದಿನದ ಮೇಲೆ ಜಗಳೂರಿನ ಹತ್ತಿರ ಬಿಳಿಚೋಡಿನಲ್ಲಿರುವ ನಮ್ಮ ಮಾವ ಅದನ್ನು ನನಗೇ ಕಳಿಸಿದ. ‘ಹುಷಾರು ಮಗಾ, ದೊಡ್ಡ ಸಾಹೇಬ್ರೇ ಹೇಳ್ಯಾರೆ.’

ಆಗ ನಾನು ಹೇಳಬಹುದಿತ್ತು, ಮಾವ ಅದು ನಾನೇ ಅಂತ. ಹೇಳಲಿಲ್ಲ. ಯಾಕೆ ಅಂದರೆ, ನಾಚಿಕೆ ಬಿಟ್ಟು ಬರೆಯುತ್ತೇನೆ, ಎದೆ ಉಬ್ಬಿತ್ತು. ನಾಲ್ಕು ತಾಲ್ಲೂಕು ಸುತ್ತಿ ಬಂದಿತ್ತು ನನ್ನ ಗಂಟಲು. ನಾನು ಹೊನ್ನಾಳಿಯಲ್ಲಿ ಕೂತು ಬೋಂಡಾ ತಿನ್ನುತ್ತಿದ್ದರೆ ಅದು ಯಾರ್‍ಯಾರದೋ ಮನೆಯ ಜಗಲಿ ಮೇಲೆ ಕೂತು ಮಾತಾಡುತ್ತಿತ್ತು.

ಒಂದು ದಿನ ನಮ್ಮ ಅಂಗಡಿಯಲ್ಲೇ ಯಾರೋ ಅದನ್ನು ಜೋರಾಗಿ ಹಾಕಿದರು. ಇವರು ನಕಲು ಮಾಡಿಸಲು ಬಂದು ನಿಂತಿದ್ದರು. ಪೂರ್ತಿ ಕೇಳಿ, ‘ಈ ದನಿಗೆ ಬಿನ್ ಐತಾ?’ ಅಂದರು.

‘ದೊಡ್ಡ ಸಾಹೇಬ್ರಂತೆ’ ಅಂದೆ ನಾನು, ಕೀಬೋರ್ಡು ನೋಡುತ್ತಾ.

‘ಹೌದಾ’ ಅಂದರು. ನಕಲು ಎಣಿಸಿಕೊಂಡು ಹೋದರು.

ಸೂರಗೊಂಡನಕೊಪ್ಪದ ಜಾತ್ರೆಗೆ ಬಿಳಿ ಬಟ್ಟೆ ಉಟ್ಟು, ಮಾಲೆ ಹಾಕಿಕೊಂಡು ಜನ ನಡೆದು ಹೋಗುವ ದಿನಗಳು. ಆವತ್ತು ಭಾನುವಾರ. ನಾನೂ ಇವರೂ ನ್ಯಾಮತಿಯಲ್ಲಿ ಒಂದು ನಾಮಕರಣ ಮುಗಿಸಿ ಮಧ್ಯಾಹ್ನ ವಾಪಸು ಬರುತ್ತಿದ್ದೆವು. ಹೋಳಿಗೆ ತಿಂದ ಹೊಟ್ಟೆ, ರಸ್ತೆ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ದೂರದಿಂದ ನಮ್ಮೂರ ಬಸ್‌ಸ್ಟಾಂಡು ಆ ನೀರಿನಲ್ಲಿ ತೇಲುತ್ತಿರುವ ಹಾಗೆ ಕಂಡಿತು. ಹತ್ತಿರ ಬಂದಾಗ ಜನ ಕಂಡರು. ಅಷ್ಟು ಜನ ಸೇರಿದ್ದರೂ ಸದ್ದೇ ಇರಲಿಲ್ಲ ಅಂತ ನನ್ನ ನೆನಪು. ಇತ್ತೇನೋ. ಆ ಮಧ್ಯಾಹ್ನ ನನಗೆ ಈಗಲೂ ಹೊಳೆಯೊಳಗೆ ಮುಳುಗಿ ಕಣ್ಣು ತೆರೆದು ನೋಡಿದ ಹಾಗೆಯೇ ಬರುತ್ತದೆ.

ಲೈಟು ಕಂಬಕ್ಕೆ ಒಬ್ಬ ಮುದುಕನನ್ನು ಕಟ್ಟಿದ್ದರು. ಬಿಳಿ ಅಂಗಿ, ಒಂದು ತೋಳು ಹರಿದಿತ್ತು. ತುಟಿಯಲ್ಲಿ ರಕ್ತ. ಹತ್ತಿರದಲ್ಲೇ ಹೆಂಗಸೊಬ್ಬಳ ಸೊಂಟದಲ್ಲಿ ನಾಲ್ಕು ವರ್ಷದ ಹೆಣ್ಣುಮಗು ‘ಯಾಡಿ, ಯಾಡಿ’ ಅಂತ ಅಳುತ್ತಿತ್ತು. ಯಾರದೋ ಟ್ರಾಕ್ಟರಿನ ಸ್ಪೀಕರಿನಿಂದ ಒಂದು ಗಂಟಲು ದೊಡ್ಡದಾಗಿ ಬರುತ್ತಿತ್ತು. ಸಾರ್ವಜನಿಕರಲ್ಲಿ ವಿನಂತಿ.

ಕೊನೆಗೆ ಆ ಗಂಭೀರ ಕೆಮ್ಮು.

ಹಿಟ್ಟಿನ ಗಿರಣಿ ಬಸಣ್ಣ ಮುಂದೆ ನಿಂತಿದ್ದ. ಒಳ್ಳೆಯವನೇ. ಎಲ್ಲರಿಗೂ ಸಹಾಯ ಮಾಡುವವನೇ. ಕೈಯಲ್ಲಿ ಬೆಲ್ಟು ಇತ್ತು. ‘ಬರ್ರಿ, ನೀವೇ ಕೇಳ್ರಿ’ ಅಂದ ಇವರಿಗೆ. ‘ಬಸ್ಸಿಂದ ಇಳಿದ, ಕೂಸು ಅಳಾಕೆ ಹತ್ತಿತ್ತು. ಯಾರದೋ ಕೂಸು ಅಂತ ಕೇಳಿದ್ರೆ ಕಳ್ಳ ತಾನೇ ಒಪ್ಕಂಡ. ಮಾರಿ, ಚೋರಿ ಅಂದ. ಚೋರಿ ಮಾಡಿ ಮಾರಾಕೆ ಹೊಂಟಾನೆ. ನೂರು ಮಂದಿ ಕೇಳ್ಯಾರೆ.’

ಮುದುಕ ತಲೆಯೆತ್ತಿ ಮತ್ತೆ ಅದನ್ನೇ ಅಂದ. ‘ಮಾರಿ ಛೋರಿ.’ ಬಸಣ್ಣ, ‘ಕೇಳಿದ್ರಲ್ಲ’ ಅನ್ನುವ ಹಾಗೆ ನೋಡಿದ.

ನಮ್ಮೂರ ಪಕ್ಕದಲ್ಲೇ ಲಂಬಾಣಿ ತಾಂಡಾ ಇದೆ. ಅಲ್ಲಿಯ ಯಾರೊಬ್ಬರಿದ್ದರೂ ಹೇಳುತ್ತಿದ್ದರು. ಆದರೆ ತಾಂಡಾಕ್ಕೆ ತಾಂಡಾವೇ ಆವತ್ತು ಕೊಪ್ಪದ ಜಾತ್ರೆಗೆ ಹೋಗಿತ್ತು. ಅವರ ಮಾತಿನಲ್ಲಿ ಮಾರಿ ಅಂದರೆ ನನ್ನ, ಛೋರಿ ಅಂದರೆ ಹುಡುಗಿ, ಯಾಡಿ ಅಂದರೆ ಅವ್ವ. ನನಗೆ ಗೊತ್ತಿತ್ತು. ಶಾಲೆಯಲ್ಲಿ ತಾಂಡಾದ ಗೆಳೆಯರ ಮಾತು ಅಣಕಿಸಿಯೇ ನಾನು ಟೇಪು ಅನ್ನಿಸಿಕೊಂಡವನು. ಆ ಗುಂಪಿನಲ್ಲಿ ಮುದುಕನ ಮಾತೂ ಗೊತ್ತಿದ್ದವನು, ಸ್ಪೀಕರಿನ ಗಂಟಲೂ ಗೊತ್ತಿದ್ದವನು ನಾನೊಬ್ಬನೇ. ನಾನು ಬೈಕಿನ ಹಿಂದೆ ನಿಂತಿದ್ದೆ.

ಇವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಹಗ್ಗಕ್ಕೆ ಕೈ ಹಾಕಲಿಲ್ಲ. ಹಾಕಿದ್ದರೆ ಅವರಿಗೂ ಬೀಳುತ್ತಿತ್ತು ಅಂತ ಈಗ ತಿಳಿಯುತ್ತದೆ. ಹೋಗಿ ಮುದುಕನಿಗೂ ಬಸಣ್ಣನಿಗೂ ನಡುವೆ ನಿಂತರು. ಹೆಗಲ ಮೇಲೆ ಪಟ್ಟಿ ಇರಲಿಲ್ಲ, ನಾಮಕರಣದಲ್ಲಿ ಕೊಟ್ಟ ಟವೆಲ್ಲಿತ್ತು. ಅದನ್ನೇ ಸರಿಮಾಡಿಕೊಂಡು, ಕಿವಿಯ ಹಿಂದೆ ಬೆರಳೊತ್ತಿ ಕೂಗಿದರು.

‘ಕೂಸು ಕಳಕೊಂಡವರೂ... ಹಾಜರಿದ್ದಾರಾ...’

ಆ ದನಿ ನಮ್ಮೂರಿನ ಎಷ್ಟೋ ಜನ ಕೋರ್ಟಿನ ಅಂಗಳದಲ್ಲಿ ಕೇಳಿದ್ದ ದನಿ. ಕೇಳಿದ ಕೂಡಲೇ ಎಲೆಯಡಿಕೆ ಉಗುಳಿ, ಅಂಗಿ ಗುಂಡಿ ಹಾಕಿಕೊಂಡು ನಿಲ್ಲುವ ಅಭ್ಯಾಸ ಆಗಿಬಿಟ್ಟಿತ್ತು. ಎದುರಿಗೆ ನಿಂತಿದ್ದ ಇಬ್ಬರು ತಲೆಯ ಟವೆಲ್ಲು ತೆಗೆದರು. ಯಾರೋ ಸ್ಪೀಕರ್ ಸಣ್ಣ ಮಾಡಿದರು. ಎರಡು ಸಲ, ಮೂರು ಸಲ ಕೂಗಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೂ ಮನೆಯ ಕೂಸುಗಳು ಅವರವರ ಕೈಯಲ್ಲೇ ಇದ್ದವು.

‘ಕದಿಯೋದನ್ನ ಕಣ್ಣಾರೆ ಕಂಡವರೂ... ಹಾಜರಿದ್ದಾರಾ...’

ಮೂರು ಸಲ. ಯಾರೂ ಇಲ್ಲ.

ಬಸಣ್ಣ ಬೆಲ್ಟು ಕೈ ಬದಲಿಸಿದ. ‘ಕಂಡೋರು ಯಾಕೆ ಬೇಕು? ಸಾಹೇಬ್ರೇ ಹೇಳ್ಯಾರಲ್ಲ ಆಡಿಯೋದಾಗೆ.’

‘ಹೌದಲ್ಲ’ ಅಂದರು ಇವರು, ಮರೆತದ್ದು ನೆನಪಾದವರ ಹಾಗೆ. ‘ಅವರನ್ನೇ ಕರಿಯಾನ.’

ಮತ್ತೆ ಕಿವಿಯ ಹಿಂದೆ ಬೆರಳು. ‘ಆಡಿಯೋದಾಗೆ ಮಾತಾಡಿದ ಸಾಹೇಬ್ರೂ... ಹಾಜರಿದ್ದಾರಾ...’

ಗುಂಪಿನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ರಸ್ತೆಯ ಆಚೆ, ಮೆಕ್ಕೆಜೋಳದ ಹೊಲದ ಮೇಲಕ್ಕೆ ಎಲ್ಲೋ ನೋಡುತ್ತಿದ್ದರು. ಮೊದಲನೆಯದು ಕೂಸನ್ನು ಎಬ್ಬಿಸುವ ಹಾಗಿತ್ತು. ನಾನು ಬೈಕಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದೆ. ಎರಡನೆಯದು ಬಂತು. ಬೈಕು ಹತ್ತಿ ಹೋಗಿಬಿಡೋಣ ಅನ್ನಿಸಿತು, ಕೀ ಅದರಲ್ಲೇ ಇತ್ತು. ಆಮೇಲೆ ಅವರು ಉಸಿರು ಬಿಟ್ಟರು. ಮುದುಕ ಕಣ್ಣು ಮುಚ್ಚಿದ್ದ. ಹುಡುಗಿಯ ಅಳು ಬಿಕ್ಕಳಿಕೆಯಾಗಿತ್ತು. ಆ ಉಸಿರಿನಷ್ಟು ಹೊತ್ತಿನಲ್ಲಿ ಒಂದು ಇಡೀ ಮಧ್ಯಾಹ್ನ ಹಿಡಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮೂರನೆಯ ಕೂಗು ಮುಗಿಯುವ ಮುಂಚೆ ನಾನು ಮುಂದೆ ಹೋದೆ. ಬೇರೆ ದಾರಿ ತೋಚದೆ ಆ ಗಂಟಲನ್ನೇ ತೆಗೆದೆ. ‘ಸಾರ್ವಜನಿಕರಲ್ಲಿ ವಿನಂತಿ’ ಅಂತ ಶುರುಮಾಡಿ ಕೆಮ್ಮಿನ ತನಕ ಹೇಳಿದೆ. ಹಾಲಿನ ಸಾಲನ್ನೂ ಹೇಳಿದೆ. ಆಮೇಲೆ ಛೋರಿ ಅಂದರೆ ಏನು ಅಂತ ಹೇಳಿದೆ.

ಯಾರೂ ನಗಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಅದು.

ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದು ಕಿವಿಗೆ. ‘ಇವನ್ನ ಕಟ್ರೋ ಕಂಬಕ್ಕೆ’ ಅಂದರು ಯಾರೋ, ಬಸಣ್ಣನೇ ಇರಬೇಕು. ಮೋಸ ಹೋದವರ ಸಿಟ್ಟು ದೊಡ್ಡದು. ಅಷ್ಟರಲ್ಲಿ ಟವೆಲ್ಲಿನ ಹೆಗಲೊಂದು ನನಗೆ ಅಡ್ಡ ಬಂತು.

‘ಕೈ ತೆಗೀರಿ. ಇವನನ್ನೂ ಮುಟ್ಟಂಗಿಲ್ಲ.’

‘ಇವ ತಪ್ಪು ಮಾಡ್ಯಾನಲ್ರೀ. ತಾನೇ ಒಪ್ಕಂಡ.’

‘ಆ ಮುದುಕನೂ ಒಪ್ಕಂಡ ಅಂದ್ರಿ ಈಗ’ ಅಂದರು ಇವರು. ಅಷ್ಟೇ ಅಂದದ್ದು. ಅದನ್ನೂ ಮೆಲ್ಲಗೆ.

ಮುದುಕನನ್ನು ಬಿಚ್ಚಿದವನು ಬಸಣ್ಣನೇ. ಬಿಗಿದಿದ್ದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಇವರು ಮುದುಕನಿಗೆ ನೀರು ಕುಡಿಸಿ, ಮುಖ ಒರೆಸಿ, ನನ್ನ ಬಾಯಿಂದ ಅವರ ಮಾತಿನಲ್ಲಿ ಹೆಸರು ಕೇಳಿಸಿದರು, ಅಪ್ಪನ ಹೆಸರು ಕೇಳಿಸಿದರು. ಪೊಲೀಸಿಗೆ ಫೋನ್ ಮಾಡಿ ಎರಡನ್ನೂ ಬಿನ್ ಹಾಕಿ ಹೇಳಿದರು. ಮಗಳು ಅಳಿಯ ನಡೆದುಕೊಂಡು ಮುಂದೆ ಹೋಗಿದ್ದಾರೆ, ನಾನು ಮೊಮ್ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ, ನೀರು ಕೇಳಿದಳು ಅಂತ ಇಳಿದೆ, ಬಸ್ಸು ಹೋಯಿತು. ಇಷ್ಟೇ ಆ ಮುದುಕನ ಕಥೆ. ಜೀಪಿನಲ್ಲಿ ಕೊಪ್ಪಕ್ಕೆ ಕಳಿಸಿದರು. ಹುಡುಗಿ ಜೀಪು ಹತ್ತಿದ ಕೂಡಲೇ ಅಳು ನಿಲ್ಲಿಸಿ ಕಿಟಕಿಯಲ್ಲಿ ಕೈ ಹಾಕಿದಳು.

ಇನ್ನೊಂದು ಜೀಪಿನಲ್ಲಿ ನಾನು. ಪಕ್ಕದಲ್ಲಿ ಇವರು, ಫಿರ್ಯಾದಿಯಾಗಿ.

‘ನಿಮಗೆ ಗೊತ್ತಿತ್ತಾ?’ ಅಂತ ಕೇಳಿದೆ.

‘ಅಂಗಡಿಯಾಗೆ ಕೇಳಿದಾಗ್ಲೇ ಗೊತ್ತಾತು. ಮಾಹಿತಿ ಐತೆ ಅಂದ್ರು ನಿಮ್ಮ ಸಾಹೇಬ್ರು. ಯಾವ ದೊಡ್ಡ ಸಾಹೇಬ್ರು ಐತೆ ಅಂತಾರಪ್ಪಾ?’

ಅಷ್ಟೂ ಅಧಿಕಾರಿಗಳನ್ನು ಕಲೆಸಿದ ಕೊಡಪಾನದ ತಳದಲ್ಲಿ ನಮ್ಮವ್ವನ ಮಾತು ಹಾಗೇ ಉಳಿದುಕೊಂಡಿತ್ತು.

‘ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?’

ಅವರು ಟವೆಲ್ಲು ಮಡಚಿ ತೊಡೆ ಮೇಲಿಟ್ಟುಕೊಂಡರು. ‘ನೀನೇ ಹೇಳ್ತೀಯ ಅಂತ ಕಾದೆ. ತಪ್ಪಾತು. ನಾನು ಕಾಯ್ದಿದ್ದಕ್ಕೆ ಆ ಮುದುಕ ಏಟು ತಿಂದ. ಅದನ್ನೂ ಬರಸ್ತೀನಿ ಹೇಳಿಕೆಯಾಗೆ.’ ಬರೆಸಿದರು ಕೂಡ. ಬೇಡ ಅಂದರೂ ಕೇಳಲಿಲ್ಲ.

ಎರಡು ಕೇಸಾದವು. ಮುದುಕನನ್ನು ಹೊಡೆದದ್ದಕ್ಕೆ ಒಂದು, ಸುಳ್ಳು ಸುದ್ದಿ ಹುಟ್ಟಿಸಿದ್ದಕ್ಕೆ ನನ್ನ ಮೇಲೆ ಒಂದು. ಆವತ್ತು ಬಸ್‌ಸ್ಟಾಂಡಿನಲ್ಲಿದ್ದ ಅಷ್ಟೂ ಜನ, ಆ ಮಧ್ಯಾಹ್ನ ನಾವು ಊರಲ್ಲೇ ಇರಲಿಲ್ಲ, ದಾವಣಗೆರೆಗೆ ಮದುವೆಗೆ ಹೋಗಿದ್ದೆವು ಅಂತ ಹೇಳಿಕೆ ಕೊಟ್ಟರು. ಅಷ್ಟು ದೊಡ್ಡ ಮದುವೆ ಆ ಭಾಗದಲ್ಲಿ ಯಾರೂ ಕಂಡಿಲ್ಲ. ಅಕ್ಕನ ಫೋನು ನೀರಿನ ತೊಟ್ಟಿಗೆ ಬಿತ್ತು, ತಾನಾಗೇ. ನನ್ನದನ್ನು ನಾನೇ ಎಸೆದಿದ್ದೆ, ಏಟಿನ ನೋವಿಗಿಂತ ಹೆದರಿಕೆಯ ನೋವು ಜಾಸ್ತಿಯಾಗಿ. ಮುದುಕನಿಗೆ ಸಮನ್ಸು ಹೋಗಿ, ಊರಲ್ಲಿ ಇಲ್ಲ ಅಂತ ವಾಪಸು ಬಂತು. ಹೀಗೆ, ಅದು ನನ್ನ ಗಂಟಲು ಅಂತ ಹೇಳಬಲ್ಲ ಸಾಕ್ಷಿ ಭೂಮಿಯ ಮೇಲೆ ಒಬ್ಬರೇ ಉಳಿದರು.

ಆ ಸಾಕ್ಷಿ ದಿನಾ ಬೆಳಿಗ್ಗೆ ನನ್ನ ಬೈಕಿನ ಹಿಂದೆ ಕೂತು ಕೋರ್ಟಿಗೆ ಬರುತ್ತಿದ್ದರು. ಫಿರ್ಯಾದಿ ಆರೋಪಿ ಒಂದೇ ಗಾಡಿಯಲ್ಲಿ, ನಡುವೆ ಟಿಫಿನ್ ಡಬ್ಬಿ. ನನಗೆ ವಕೀಲರನ್ನು ಗೊತ್ತುಮಾಡಿ ಕೊಟ್ಟವರೂ ಅವರೇ.

‘ಆರೋಪ ಓದಿ, ಒಪ್ಪಿಗೆ ಐತಾ ಅಂತ ಕೇಳ್ತಾರೆ. ಇಲ್ಲ ಅನ್ನಾಕೆ ನಿನಗೆ ಹಕ್ಕೈತೆ. ಸುಮ್ಕೆ ನಿಂದ್ರಾಕೂ ಹಕ್ಕೈತೆ. ನನ್ನ ಮುಲಾಜಿಗೆ ಒಪ್ಕಬ್ಯಾಡ.’

‘ಆಮೇಲೆ?’

‘ಆಮೇಲೆ ನಾನು ಬಂದು ನಿನ್ನ ಮೇಲೆ ಸಾಕ್ಷಿ ಹೇಳ್ತೀನಿ.’ ಬೈಕು ಗುಂಡಿಗೆ ಬಿತ್ತು. ‘ನಿಧಾನಕ್ಕೆ ಹೊಡಿಯಪ್ಪಾ. ಇರೋನು ಒಬ್ಬನೇ ಸಾಕ್ಷಿ.’

ಅವರು ಮಾಡಿದ ಒಂದೇ ಒಂದು ಜೋಕು ಅದು. ಯಾರಿಗೂ ಮಾಡಿ ತೋರಿಸಿಲ್ಲ.

ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಚಹಾ ಲೋಟ ಕೈಯಲ್ಲಿ ಹಿಡಿದುಕೊಂಡೇ ಜಗಲಿಯಲ್ಲಿ ಹೋಗಿಬಿಟ್ಟರು. ನಾನು ಹೋದಾಗ ಆ ಅಮ್ಮ ಪಕ್ಕದಲ್ಲಿ ಕೂತು, ಅವರ ಹೆಸರನ್ನು ಮೆಲ್ಲಗೆ, ಮೊದಲನೇ ಸಲ ಇರಬೇಕು, ಕರೆಯುತ್ತಿದ್ದರು. ಮಳೆ ಬರುವ ಹಾಗಿತ್ತು, ಬರಲಿಲ್ಲ. ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು. ಬಸಣ್ಣ ಬಂದಿದ್ದ. ನನ್ನ ಪಕ್ಕವೇ ನಿಂತು ಮೂರು ಹಿಡಿ ಮಣ್ಣು ಹಾಕಿದ.

ವಾರದ ಮೇಲೆ ವಕೀಲರು ಫೋನ್ ಮಾಡಿದರು. ದನಿಯಲ್ಲಿ ದುಃಖ ಇತ್ತು, ಅದರ ಕೆಳಗೆ ಸ್ವಲ್ಪ ಸಂತೋಷವೂ ಇತ್ತು; ಇಂಥವು ನನ್ನ ಕಿವಿಗೆ ತಪ್ಪುವುದಿಲ್ಲ.

‘ಪಾಪ, ದೊಡ್ಡ ಮನುಷ್ಯ. ಇರ್ಲಿ. ಸೋಮವಾರ ನಿನ್ನ ಕೇಸೈತೆ. ಆರೋಪ ಓದ್ತಾರೆ. ಸುಳ್ಳು ಅಂತ ಒಂದು ಮಾತು ಅನ್ನು ಸಾಕು. ಸಾಕ್ಷಿನೇ ಇ‌ಲ್ಲ ಈಗ. ಆರು ತಿಂಗಳಾಗೆ ಖುಲಾಸೆ.’

‘ಆತು ಸಾರ್’ ಅಂದೆ.

ಭಾನುವಾರ ಪೂರ್ತಿ ‘ಸುಳ್ಳು’ ಅನ್ನುವುದನ್ನು ಅಭ್ಯಾಸ ಮಾಡಿದೆ. ಧೈರ್ಯದ ದನಿಯಲ್ಲಿ, ಬಡಪಾಯಿ ದನಿಯಲ್ಲಿ, ನೊಂದ ದನಿಯಲ್ಲಿ. ಎಲ್ಲವೂ ಚೆನ್ನಾಗಿಯೇ ಬಂದವು. ನನ್ನನ್ನು ನಾನೇ ನಂಬುವಷ್ಟು.

ಸೋಮವಾರ ಮಧ್ಯಾಹ್ನ ಕಟಕಟೆಯಲ್ಲಿ ನಿಂತೆ. ದಿನಾ ಎದುರಿಂದ ನೋಡುತ್ತಿದ್ದ ಕೋಣೆ ಒಳಗಿನಿಂದ ಬೇರೆಯೇ ಇತ್ತು. ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು, ಬಿಸಿಲು ಕಿಟಕಿಯಿಂದ ಬಂದು ಕಡತಗಳ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ಆರೋಪ ಓದಿದರು. ಓದಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಒಪ್ಪಿಗೆ ಇದೆಯೇ ಅಂತ ನ್ಯಾಯಾಧೀಶರು ಕೇಳಿದರು. ವಕೀಲರು ನನ್ನ ಕಡೆ ನೋಡಿ ಗಲ್ಲ ಅಲ್ಲಾಡಿಸಿದರು.

‘ನಿಜ ಸ್ವಾಮಿ. ಅದು ನನ್ನ ದನಿ. ನಾನೇ ಮಾಡಿದ್ದು’ ಅಂದೆ.

ವಕೀಲರು ಎದ್ದು ನಿಂತರು. ನ್ಯಾಯಾಧೀಶರು ಕೈಯೆತ್ತಿ ಅವರನ್ನು ಕೂರಿಸಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

‘ಒಪ್ಪಿಕೊಂಡರೆ ಶಿಕ್ಷೆ ಆಗಬಹುದು, ತಿಳಿದಿದೆಯಾ?’

‘ತಿಳಿದೈತೆ ಸ್ವಾಮಿ.’

‘ಹೀಗೆ ಹೇಳು ಅಂತ ಯಾರಾದರೂ ನಿನ್ನ ಮೇಲೆ ಒತ್ತಾಯ ಮಾಡಿದ್ದಾರಾ? ಹೆದರಿಸಿದ್ದಾರಾ?’

ಇದನ್ನು ಕೇಳಲೇಬೇಕು, ಕೇಳದೆ ಒಪ್ಪಿಗೆ ಬರೆದುಕೊಳ್ಳುವ ಹಾಗಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಅಷ್ಟು ದಿನದಿಂದ ಯಾರಾದರೂ ಇದೊಂದನ್ನು ನನ್ನನ್ನು ಕೇಳಲಿ ಅಂತ ಕಾಯುತ್ತಿದ್ದೆನೇನೋ, ಗಂಟಲು ಕಟ್ಟಿತು. ಕಟ್ಟಿದ ಗಂಟಲನ್ನು ನಾನು ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಅದು ಹೀಗಿರುವುದಿಲ್ಲ.

‘ಯಾರೂ ಇಲ್ಲ ಸ್ವಾಮಿ’ ಅಂದೆ.

ಕೇಳಿಸಲಿಲ್ಲ ಅಂದರು ಬರೆದುಕೊಳ್ಳುವವರು. ಅವರಿಗೆ ಅಕ್ಷರ ಮೂಡಿಸಲು ಹೊತ್ತು ಬೇಕಲ್ಲ. ಒಂದೊಂದೇ ಮಾತು ಬಿಡಿಸಿ, ನಿಧಾನಕ್ಕೆ ಇನ್ನೊಂದು ಸಲ ಹೇಳಿದೆ.